ಬ್ರೆಡ್ ಡ್ರಾಯರಿನ ಹಿಡಿ

ಬಂದೂಕು ತಯಾರಿಗೆ ಹೆಸರಾದ ಜೂಲ್ ಊರಿನ ಒಟಿಲಿಯ ಅಡುಗೆಮನೆಗೆ ಬಂದವರು ಬ್ರೆಡ್ ಇಡುವ ಡ್ರಾಯರಿನ ಹಿಡಿ ನೋಡಿ ತಬ್ಬಿಬ್ಬಾಗುತ್ತಿದ್ದರು. ಅದು ಹಳೆಯ ಬೇಟೆ ಬಂದೂಕಿನ ಅಂಗ. ಟ್ರಿಗರಿಗೆ ಏನೂ ತಗುಲದಿರಲೆಂದು ಅದರ ಕೆಳಗೆ ಬಿಲ್ಲಿನಂತೆ ಬಾಗಿಸಿ ಕೂರಿಸುವ ಕಾಪು, ಅದೂ ಅಕ್ರೋಟು ಮರದ್ದು. ಹಿಮದ ಕಾಡಿನಲ್ಲಿ ಕಬ್ಬಿಣ ಬೆರಳು ಕೊರೆಯುತ್ತದೆ, ಮರ ಕೊರೆಯುವುದಿಲ್ಲ. ಹಿಂದಿನವರು ದಡ್ಡರೇನಲ್ಲ.

ಒಟಿಲಿಯ ಅಪ್ಪ ಬಂದೂಕಿಗೆ ಮರಗೆಲಸ ಮಾಡುವವನು. ಯುದ್ಧ ಮುಗಿದ ವರ್ಷ ಅರಣ್ಯಪಾಲಕನೊಬ್ಬ, ಕಾಪು ಬಿರುಕು ಬಿಟ್ಟಿದೆಯೆಂದು ತನ್ನ ಮುತ್ತಜ್ಜನ ಬಂದೂಕನ್ನು ಅವನ ಬಳಿ ಬಿಟ್ಟಿದ್ದ. ಅಷ್ಟರಲ್ಲಿ ಊರಿನ ಬಂದೂಕುಗಳನ್ನೆಲ್ಲ ತಂದೊಪ್ಪಿಸಬೇಕೆಂದು ಗೆದ್ದ ಸೈನ್ಯದವರು ಸಾರಿದರು. ಅಪ್ಪ ಹೆದರಿ ಇದ್ದಬದ್ದದ್ದನ್ನು ಗಾಡಿಗೆ ಹೇರಿ ಕೊಟ್ಟುಬಂದ. ಬಂದು ನೋಡಿದರೆ ಅಂಟು ಹಚ್ಚಿ ಬಿಗಿದಿಟ್ಟ ಕಾಪು ಮಾತ್ರ ಮೇಜಿನ ಮೇಲೇ ಕೂತಿತ್ತು. ತಿರುಗಿ ಹೋಗಲು ಧೈರ್ಯ ಸಾಲಲಿಲ್ಲ. ಕೆಲಸವನ್ನು ಅರೆಬರೆ ಮಾಡಿ ಕಳಿಸಿದೆನಲ್ಲ ಎಂದು ಸಾಯುವವರೆಗೂ ಕೊರಗಿದ.

"ಆ ಬಂದೂಕು ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಇದನ್ನ ಹಾಕಿಬಿಡು ಮಗಳೇ. ಕೆತ್ತಿದ ಓಕ್ ಎಲೆ ಅರ್ಧ ಅದರ ಮೇಲಿದೆ, ಅರ್ಧ ಇದರ ಮೇಲೆ."

ಅಲ್ಲಿಯವರೆಗೆ ಅದು ಸುಮ್ಮನೇಕೆ ಬಿದ್ದಿರಬೇಕೆಂದು ಅವ್ವ ಅದನ್ನು ಡ್ರಾಯರಿಗೆ ಜಡಿದಳು.

ಎಲ್ಲಿ ಹಳೆಯ ಬಂದೂಕು ಪ್ರದರ್ಶನಕ್ಕಿಟ್ಟಿದ್ದಾರೆಂದು ಕಿವಿಗೆ ಬಿದ್ದರೂ ಒಟಿಲಿ ಹಿಡಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಹೊರಡುವಳು. ಗಂಡ ಎರ್ವಿನ್ ಡ್ರಾಯರಿನ ತೂತಿಗೆ ದಾರ ಪೋಣಿಸುತ್ತ ರೇಗಿಸುವನು.

"ನಮ್ಮ ಡ್ರಾಯರು ಮತ್ತೆ ಹೆಣ್ಣು ನೋಡೋಕೆ ಹೊರಡ್ತಾ?"

"ನೀನು ಬ್ರೆಡ್ ತಿನ್ನು, ಸಾಕು."

ಕಂಡ ಬಂದೂಕಿನ ಹೊಟ್ಟೆಯನ್ನೆಲ್ಲ ಬಗ್ಗಿ ನೋಡುವ ಈ ಹೆಂಗಸಿನ ಹುಚ್ಚಿಗೆ ಮ್ಯೂಸಿಯಮ್ಮುಗಳ ಕಾವಲುಗಾರರು ನಗುತ್ತಿದ್ದರು. ಒಂದರಲ್ಲಿ ಎಲೆಯಿದ್ದರೆ ಕಾಪೂ ಇರುತ್ತಿತ್ತು, ಇನ್ನೊಂದರಲ್ಲಿ ಕಾಪಿಲ್ಲದಿದ್ದರೆ ಎಲೆಯೂ ಇಲ್ಲ. ಬರಿಗೈಯಲ್ಲಿ ಮರಳಿ, ದಾರ ಬಿಚ್ಚಿ, ಹಿಡಿ ಹಾಕುವುದು ಅಭ್ಯಾಸವಾಗಿಹೋಯಿತು.

ತಲೆ ನರೆತ ಮೇಲೆ, ಪಕ್ಕದ ಊರಿನ ಕೋಟೆಯ ಗಾಜಿನ ಕಪಾಟಿನಲ್ಲಿ ಅವಳಿಗೆ ಕಾಪಿಲ್ಲದ ಬಂದೂಕೊಂದರ ಮೇಲೆ ಅರ್ಧ ಓಕ್ ಎಲೆ ಕಂಡಿತು. ಕಪಾಟು ತೆಗೆಯಿರೆಂದು ಬೇಡಿಕೊಂಡಳು. ಅಲ್ಲಿನ ಸಂಗ್ರಹ ನೋಡಿಕೊಳ್ಳುವ ಲಾಂಗೆ ಎಂಬಾತ ಒಲ್ಲದ ಮನಸ್ಸಿನಿಂದಲೇ ಬೀಗ ತೆಗೆದ. ಕಾಪು ಕೂರಿಸಿದಾಗ ಎಲೆಗೆ ಎಲೆ ಕೂಡಿತು, ಕೂದಲೆಳೆಯಷ್ಟೂ ಸಂದಿಲ್ಲ.

ಲಾಂಗೆ ಕಾಪಿನ ಒಳಮೈ ಸವರಿದ. "ಎಷ್ಟು ನುಣುಪಾಗಿದೆ ನೋಡಿ. ಭಾರೀ ಬೇಟೆಗಾರನ ಬೆರಳಿರ್ಬೇಕು."

"ಬೇಟೆಗಾರಂದಲ್ಲ ಅದು. ನಮ್ಮವ್ವನ ಬೆಣ್ಣೆ ಕೈ. ಆಮೇಲೆ ನಂದು."

ಇಷ್ಟು ವರ್ಷ ಹುಡುಕಿದ್ದಳೇ ಹೊರತು, ಸಿಕ್ಕರೆ ಬಿಟ್ಟುಬರಬೇಕಾದೀತೆಂದು ಒಟಿಲಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಅಪ್ಪನ ಮಾತು ನಡೆಸಿದರೆ ಅವ್ವನ ಕೈ ಇಲ್ಲೇ ಉಳಿಯುತ್ತದೆ. ಕಾಪನ್ನು ಮತ್ತೆ ಬಿಚ್ಚಿದಳು, ಅಂಗೈಯಲ್ಲಿ ಹಿಡಿದು ನಿಂತಳು.

"ಯೋಚನೆ ಮಾಡಿ ಹೇಳಿ, ಅವಸರವಿಲ್ಲ," ಎಂದ ಲಾಂಗೆ.

ಅವಳು ತಾನೇ ಕಾಪನ್ನು ಕೂರಿಸಿ, ತಾನೇ ಸ್ಕ್ರೂ ಬಿಗಿದಳು.

ಮನೆಯಲ್ಲಿ ಎರ್ವಿನ್ ಎಂದಿನಂತೆ ಅವಳ ಕೋಟು ಇಸಿದುಕೊಂಡು, ಡ್ರಾಯರಿನ ದಾರದ ಗಂಟಿಗೆ ಕೈಹಾಕಿದ.

"ಬಿಚ್ಬೇಡ ಎರ್ವಿನ್," ಎಂದಳು ಒಟಿಲಿ. "ಗಂಟು ಇನ್ನೊಂಚೂರು ಗಟ್ಟಿ ಮಾಡು."