ಮೋತಿಯ ಗಂಟಲೊಳಗಿನ ಬೆಳಗು

ನಮ್ಮ ಸೋದರತ್ತೆಯ ನಾಯಿ ಮೋತಿ ಬದುಕಿ ಉಳಿದದ್ದು ರಾಗಿಮುದ್ದೆಯಿಂದ ಎಂಬುದು ನಲ್ಲೂರಿನಲ್ಲಿ ಎಲ್ಲರೂ ಒಪ್ಪಿದ ಮಾತು. ನಾನೊಬ್ಬ ಒಪ್ಪಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕಾರು ಬಹುಮಾನ ಹೊಡೆದ ಮೇಲೆ ನನಗೊಂದು ಚಾಳಿ ಅಂಟಿಕೊಂಡಿದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಹೇಳಿದರೂ ‘ಆಧಾರವೇನು?’ ಎಂದು ಕೇಳಿಬಿಡುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಕೊನೆಗೆ ಭರ್ತಿಯಾಗುವುದು ಇದೇ ಕಾರಣಕ್ಕಿರಬೇಕು. ಆದರೆ ಮುದ್ದೆಯ ವಿಷಯದಲ್ಲಿ ನಾನು ಆಡುತ್ತಿರುವುದು ಬರೀ ವಾದವಲ್ಲ. ಮೋತಿಯ ಎದೆಯ ಒಳಗನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ.

ಮನುಷ್ಯ ಚಂದ್ರನ ಮೇಲೆ ನಡೆದಾಡಿದ ಸುದ್ದಿ ಇನ್ನೂ ಹಳತಾಗಿರಲಿಲ್ಲ. ಹುಣಸೆಹಣ್ಣಿನ ಕಾಲ. ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಕೂತು ಹಣ್ಣು ಜಜ್ಜಿ ಬೀಜ ಬಿಡಿಸುವರು. ಹುಳಿಯ ವಾಸನೆ, ಕಲ್ಲಿನ ಮೇಲೆ ಕೊಡತಿಯ ಒಂದೇ ಸಮನಾದ ಸದ್ದು; ಊರೇ ಅರೆಗಣ್ಣಿನಲ್ಲಿ ತೂಗುತ್ತಿರುವಂತೆ ಇರುತ್ತಿತ್ತು. ಸಿಡಿದ ಬೀಜವನ್ನು ಗಾಳಿಯಲ್ಲೇ ಬಾಯಿಗೆ ಹಿಡಿಯುವುದು ಮೋತಿಯ ಆಟ. ಸಿಡಿಯದಿದ್ದರೆ ಅತ್ತೆಯೇ ಒಂದನ್ನು ಎತ್ತಿ ಚಿಮ್ಮುವರು. ಹಾಗೆ ಚಿಮ್ಮಿದ ಒಂದು ಬೀಜಕ್ಕೆ ಮೋತಿ ನೆಗೆಯಿತು, ಹಿಡಿಯಿತು, ನೆಲಕ್ಕೆ ಇಳಿಯುತ್ತಲೇ ಕೆಮ್ಮತೊಡಗಿತು. ಅಂದಿನಿಂದ ಬೊಗಳು ಹೋಗಿ, ಹಳೆಯ ತಿದಿ ಒತ್ತಿದಂಥ ಒಂದು ಸಿಳ್ಳು ಮಾತ್ರ ಉಳಿಯಿತು. ಅತ್ತೆಯ ಮಾತಿಗೆ ಎದುರಾಡದೆ ಹೂಂಗುಟ್ಟುತ್ತಿದ್ದ ಜೀವ ಆ ಮನೆಯಲ್ಲಿ ಅದೊಂದೇ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಗಂಟಲಿಗೆ ಏನು ಸಿಕ್ಕಿದರೂ ಮದ್ದು ಅದೇ: ದೊಡ್ಡದೊಂದು ತುತ್ತು ನುಂಗು, ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಮೋತಿಗೂ ಅದೇ ಚಿಕಿತ್ಸೆ ನಡೆಯಿತು. ಹೊಟ್ಟೆ ಗುಂಡಗಾಯಿತು, ಸಿಳ್ಳು ನಿಲ್ಲಲಿಲ್ಲ. ನಾನು ಎದ್ದು ನಿಂತು ವಾದ ಮಂಡಿಸಿದೆ.

“ಅತ್ತೆ, ಒಳಗೆ ಎರಡು ಕೊಳವೆ ಇರ್ತವೆ. ಒಂದು ಅನ್ನಕ್ಕೆ, ಒಂದು ಉಸಿರಿಗೆ. ಬೀಜ ಉಸಿರಿನ ದಾರಿಗೆ ಹೋಗಿದೆ. ಮುದ್ದೆ ಹೋಗೋದು ಅನ್ನದ ದಾರೀಲಿ. ಅವೆರಡೂ ಭೇಟಿಯಾಗೋದೇ ಇಲ್ಲ.”

“ಬಾಯಿ ಒಂದೇ ಅಲ್ವೇನ್ಲಾ?”

“ಬಾಯಿ ಒಂದೇ, ದಾರಿ ಎರಡು.”

“ನೀನು ಇಣುಕಿ ನೋಡಿದ್ದೀಯಾ?”

“ಪುಸ್ತಕದಲ್ಲಿದೆ ಅತ್ತೆ.”

“ಪುಸ್ತಕ ಕೆಮ್ತಾ ಇಲ್ಲ ಕಣೋ. ಕೆಮ್ತಾ ಇರೋದು ಮೋತಿ.”

ಯಾವ ತೀರ್ಪುಗಾರರಿದ್ದರೂ ಆ ಸುತ್ತನ್ನು ಅತ್ತೆಗೇ ಕೊಡುತ್ತಿದ್ದರು. ಆದರೆ ಮೋತಿಗೆ ಮಲಗಲು ಆಗದೆ, ಕೂತಲ್ಲೇ ಕತ್ತು ಚಾಚಿ ತೂಕಡಿಸುವಂತಾಯಿತು. ನಾಲಿಗೆ ನೇರಳೆ ತಿಂದಂತೆ ಕಾಣತೊಡಗಿತು. ಅತ್ತೆ ಅದರ ಪಕ್ಕೆಲುಬಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು. ಕೊನೆಗೆ, “ನಿನ್ನ ಎರಡು ಕೊಳವೆ ಬಲ್ಲ ಡಾಕ್ಟ್ರು ಎಲ್ಲವ್ರೆ, ನಡಿ” ಎಂದರು.

ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ. ಮಾರುಕಟ್ಟೆಗೆ ಹೊರಟ ಎಲೆಕೋಸಿನ ಲಾರಿಯಲ್ಲಿ, ಮಂಜಿನ ನಡುವೆ, ನಾವು ಮೂವರೂ ತೇಲಿಕೊಂಡು ಬೆಂಗಳೂರು ಸೇರಿದೆವು. ಪಶುವೈದ್ಯರು ಎದೆಗೆ ಕಿವಿಗೊಟ್ಟು ಕೇಳಿ, ಯಾರಿಗೋ ಫೋನು ಮಾಡಿ, ಒಂದು ಪೆಟ್ಟಿಗೆ ತರಿಸಿದರು. ಒಳಗೆ ಫಳಫಳ ಹೊಳೆಯುವ ಉಕ್ಕಿನ ಸಪೂರ ಕೊಳವೆ. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಲ್ಬು.

“ಮಕ್ಕಳ ಉಸಿರ್ನಾಳಕ್ಕೆ ಬಟಾಣಿ, ಗುಂಡಿ ಹೋದಾಗ ನನ್ನ ಸ್ನೇಹಿತರು ಇದರಲ್ಲಿ ತೆಗೀತಾರೆ. ನಾಯಿಗೆ ನಾನು ಮಾಡ್ತಿರೋದು ಇದೇ ಮೊದಲು. ಮಂಪರು ಬರೋ ಇಂಜೆಕ್ಷನ್ ಕೊಡಬೇಕು, ಉಸಿರು ನಿಂತರೂ ನಿಲ್ಲಬಹುದಮ್ಮ” ಎಂದರು ಡಾಕ್ಟರು.

“ಹಿಂಗೇ ಬಿಟ್ರೆ?”

“ನಿಲ್ಲೋದು ಖಂಡಿತ.”

“ಹಂಗಾದ್ರೆ ಮಾಡಪ್ಪಾ” ಎಂದ ಅತ್ತೆ ಹೊರಗೆ ಹೋಗಲು ಒಪ್ಪಲಿಲ್ಲ.

ಮೋತಿಯ ನಾಲಿಗೆ ಹೊರಗೆಳೆದು, ಕತ್ತು ನೆಟ್ಟಗೆ ಮಾಡಿ, ಕೊಳವೆ ಇಳಿಸಿದರು. ಅದರೊಳಗಿಂದ ಉದ್ದನೆಯ ಚಿಮ್ಮಟ ಹೋಯಿತು. ಒಮ್ಮೆ ಬೀಜ ಜಾರಿತು. ಆ ಕ್ಷಣ ಮೋತಿಯ ಪಕ್ಕೆ ಅಲ್ಲಾಡುವುದು ನಿಂತಂತೆ ಕಂಡಿತು. ಇನ್ನೊಮ್ಮೆ ಹಿಡಿದಾಗ ಬಂತು: ನೆನೆದು ಊದಿದ, ಅದೇ ಹುಣಸೆಬೀಜ. ಪಕ್ಕೆ ಮತ್ತೆ ಏರಿತು. ಇನ್ನೇನಾದರೂ ಉಳಿದಿದೆಯೇ ಎಂದು ಡಾಕ್ಟರು ಮತ್ತೊಮ್ಮೆ ಇಣುಕಿ, ನನ್ನ ಮುಖದಲ್ಲಿದ್ದ ಆಸೆ ಕಂಡು, “ಬನ್ನಿ, ಬೇಗ ನೋಡಿಬಿಡಿ” ಎಂದರು.

ಮೊದಲು ಕಂಡದ್ದು ನನ್ನ ರೆಪ್ಪೆಯ ಕೂದಲು. ಆಮೇಲೆ ನಿಧಾನಕ್ಕೆ ಬೆಳಗಾಯಿತು. ತೇವದ, ನಸುಗೆಂಪಿನ ಒಂದು ಓಣಿ. ಕೆರೆಗೆ ಕಲ್ಲು ಬಿದ್ದಾಗ ಏಳುವ ಬಳೆಗಳು ಅಲ್ಲೇ ನಿಂತುಬಿಟ್ಟಂತೆ, ಒಂದರ ಹಿಂದೊಂದು ಉಂಗುರ. ದೂರದಲ್ಲಿ ದಾರಿ ಕವಲೊಡೆದು ಎರಡಾಗಿತ್ತು, ಎರಡರಾಚೆಗೂ ಕತ್ತಲು. ಒಳಗೆ ಹೋದಂತೆ ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ, ಲೆಕ್ಕ ತಪ್ಪುವವರೆಗೂ ಕವಲೇ ಎಂದು ಡಾಕ್ಟರು ಕಿವಿಯ ಬಳಿ ಹೇಳುತ್ತಿದ್ದರು. ನಾನು ಎರಡೇ ದಾರಿಗೆ ಅಷ್ಟು ಗಂಟಲು ಹರಿದುಕೊಂಡಿದ್ದೆ! ಪ್ರಾಣಪಕ್ಷಿ ಹಾರಿಹೋಯಿತು ಎಂದು ಬರೆಯುವವರು ಎಂದಾದರೂ ಪಂಜರದೊಳಗೆ ಇಣುಕಿದ್ದಾರೆಯೆ? ಅಲ್ಲಿ ಹಕ್ಕಿಯಿರಲಿಲ್ಲ. ಯಾರೂ ಬಾರದಿದ್ದರೂ ತನ್ನ ಪಾಡಿಗೆ ಅಗಲವಾಗುವ, ಕಿರಿದಾಗುವ, ಮತ್ತೆ ಅಗಲವಾಗುವ ಒಂದು ಬಾಗಿಲಿತ್ತು, ಅಷ್ಟೆ. ಆಧಾರ ಕೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಅತ್ತೆ ಬಗ್ಗಿದರು. “ಸಾಕಮ್ಮ, ಎಚ್ಚರ ಆಗುತ್ತೆ” ಎಂದರು ಡಾಕ್ಟರು. ಅತ್ತೆ ತಲೆಯೆತ್ತದೆ, ಸ್ವಲ್ಪ ಇರಿ ಎಂಬಂತೆ ಕೈ ತೋರಿಸಿದರು. ಕೊನೆಗೆ ಎದ್ದವರು ಸೆರಗು ಸರಿಮಾಡಿಕೊಂಡು, ಮೋತಿಯ ಮೂಗಿನ ಮುಂದೆ ಅಂಗೈ ಹಿಡಿದರು.

ಮೋತಿ ಬೊಗಳಿದ ದಿನ ಜಗಲಿಯ ತುಂಬ ಜನ. ಅತ್ತೆಯದು ಒಂದೇ ಘೋಷಣೆ: “ಮುದ್ದೆ ತಿಂದಿದ್ಕೇ ತಡ್ಕಂತು ನನ್ ಮಗ.” ಡಾಕ್ಟರಿಲ್ಲ, ಕೊಳವೆಯಿಲ್ಲ. ಚಿಮ್ಮಿದ ಬೀಜವೂ ಆ ಕಥೆಯಲ್ಲಿ ಇಲ್ಲ. ನಾನು ಹೋದಾಗಲೆಲ್ಲ ತಿದ್ದುತ್ತೇನೆ, ಅವರು ನಕ್ಕು ಇನ್ನೊಂದು ಮುದ್ದೆ ಬಡಿಸುತ್ತಾರೆ. ಆದರೆ ಈಗ ಹಣ್ಣು ಜಜ್ಜುವಾಗ ಮೋತಿಯನ್ನು ಹಿತ್ತಲಲ್ಲಿ ಕಟ್ಟಿರುತ್ತಾರೆ. ಮಧ್ಯಾಹ್ನ ಅದು ಬಾಯಿ ತೆರೆದು ನಿದ್ದೆಹೋದಾಗ, ಪಕ್ಕದಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅದರತ್ತ ಬಗ್ಗುತ್ತಾರೆ.

ಮೊನ್ನೆ ನಾನು ವಾದವನ್ನೇ ಬಿಟ್ಟುಕೊಟ್ಟೆ. “ಮುದ್ದೆಯೇ ಗೆಲ್ಲಲಿ ಅತ್ತೆ, ಒಪ್ಕೊಂಡೆ. ಅವತ್ತು ಅಷ್ಟು ಹೊತ್ತು ಬಗ್ಗಿ ನೋಡ್ತಿದ್ದೆಯಲ್ಲ, ಒಳಗೆ ನಿನಗೆ ಏನು ಕಾಣಿಸ್ತು?”

ಅತ್ತೆ ಮಲಗಿದ್ದ ಮೋತಿಯ ಮೂಗಿನ ಮುಂದೆ ಅಂಗೈ ಹಿಡಿದು, “ನಾನು ಚಿಮ್ಮಿದ ಬೀಜ ಕೂತಿದ್ದ ಜಾಗ ಕಣೋ” ಎಂದರು.