ಆಯಿಯ ಕೌದಿ ಮಡಚಿದವರು ಯಾರು

ದೆವ್ವ, ಗಾಳಿ ಎಂದವರನ್ನು ನಾನು ಮೊದಲು ಸುಮ್ಮನೆ ಬಿಡುತ್ತಿರಲಿಲ್ಲ, ವಾದಕ್ಕೆ ನಿಲ್ಲುತ್ತಿದ್ದೆ. ಇದನ್ನೂ ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೇ.

ಬಾಣಂತನಕ್ಕೆ ಮಮದಾಪುರದ ತವರಿಗೆ ಬಂದಿದ್ದೆ. ವಿಜಯಪುರದ ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಿರಬೇಕು, ದಿಂಬು ಹೊದಿಕೆ ಏನೂ ಬೇಡ. ಬಟ್ಟೆ ಮುಖದ ಮೇಲೆ ಬಿದ್ದರೆ ಸರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಅವ್ವನಿಗೆ ಇದು ಒಪ್ಪಿಗೆಯಾಗಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ನಾನು ಬಸುರಿಯಿದ್ದಾಗ ತನ್ನ ಹಳೆಯ ಇಳಕಲ್ ಸೀರೆಗಳಿಂದ ಕೂಸಿಗೆಂದು ಕೌದಿ ಹೊಲಿದಿಟ್ಟು ತೀರಿಕೊಂಡಿದ್ದಳು. ಹೊದಿಸಲಿಕ್ಕೋ ಹಾಸಲಿಕ್ಕೋ, ಹೇಳದೇ ಹೋದಳು.

"ಕಣ್ಣ ಕಾಣದಿದ್ರೂ ಹೊಲದಾಳ. ಥಂಡಿ ಹತ್ತಿದ್ರ ನಿನ್ನ ಡಾಕ್ಟರ್ ಬರ್ತಾನೇನ?" ಎಂದು ಅವ್ವ ಗೊಣಗಿದಳು.

"ದಪ್ಪ ಅಂಗಿ ಹಾಕೇನಿ, ಸಾಕು ಬಿಡ ಬೇ," ಎಂದೆ.

ಒಂದು ಮಧ್ಯಾಹ್ನ ಕೂಸಿಗೆ ಎರೆದು, ತೊಟ್ಟಿಲಿಗೆ ಹಾಕಿ, ನಾನೂ ಮಲಗಿದೆ. ಯಾರೋ ಕಾಲಿನ ಹೆಬ್ಬೆರಳು ಹಿಡಿದು ಜಗ್ಗಿದಂತಾಗಿ ಎಚ್ಚರವಾಯಿತು. ಚಿಕ್ಕಂದಿನಲ್ಲಿ ಶಾಲೆಗೆ ಎಬ್ಬಿಸುವಾಗ ಆಯಿ ಹಾಗೇ ಜಗ್ಗುತ್ತಿದ್ದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕೂಸು ಅಂಗಾತ ಮಲಗಿ ಆರಾಮಾಗಿ ಉಸಿರಾಡುತ್ತಿತ್ತು. ಪಕ್ಕದ ಟ್ರಂಕಿನ ಮೇಲೆ ಕೌದಿ ಮಡಚಿಟ್ಟಿತ್ತು.

ಹೊರಗಿನಿಂದ ಚಿಲಕ ಹಾಕಿಕೊಂಡು ಹಿಟ್ಟಿನ ಗಿರಣಿಗೆ ಹೋಗಿದ್ದ ಅವ್ವ ಆಗ ಬಂದಳು.

"ಕೌದಿ ಯಾಕ ತಗದಿ? ನೀ ಮಲಗಿದ ಮ್ಯಾಲ ಕುತ್ತಿಗಿ ಮಟ ಹೊಚ್ಚಿ ಹೋಗಿದ್ನಿ."

"ನಾ ಮುಟ್ಟೇ ಇಲ್ಲ."

ಸಿಟ್ಟಿನಿಂದ ಕೌದಿ ಎತ್ತಿಕೊಂಡವಳು ಅದರ ಮಡಿಕೆ ನೋಡಿ ನಿಂತಳು. ಹೀಗೆ ಒಳಮೈ ಹೊರಗೆ ಮಾಡಿ, ಒಂದು ಮೂಲೆಯನ್ನು ಮಡಿಕೆಯೊಳಗೆ ಸಿಗಿಸುವುದು ಮನೆಯಲ್ಲಿ ಆಯಿ ಒಬ್ಬಳ ರೂಢಿ. ಅವ್ವ ತೊಟ್ಟಿಲ ಪಕ್ಕ ಕೂತು ಹೇಳಿದಳು.

"ನಿಮ್ಮ ಆಯಿಗೆ ನಿಮ್ಮಪ್ಪಗಿಂತ ಮೊದಲ ಒಂದ ಹೆಣ್ಣ ಕೂಸಿತ್ತಂತ. ಥಂಡಿ ಅಂತ ಮುಚ್ಚಿ ಮಲಗಿಸಿದ್ರಂತ. ಮತ್ತ ಏಳಲಿಲ್ಲಂತ. ಅತ್ತಿ ಒಮ್ಮಿ ಅಷ್ಟ ಹೇಳಿದ್ಳು."

ನನಗೆ ಭಯಕ್ಕಿಂತ ಹೆಚ್ಚಾಗಿ ಅಳು ಬಂತು.

ನಿದ್ದೆಗಣ್ಣಿನಲ್ಲಿ ನಾನೇ ತೆಗೆದಿರಬಹುದು ಎಂದು ಗಂಡನ ಮುಂದೆ ಹೇಳುತ್ತೇನೆ. ಆದರೆ ಆ ಮಡಿಕೆ ಹಾಕಲು ನನಗೆ ಈಗಲೂ ಬರುವುದಿಲ್ಲ, ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಮಗ ಈಗ ಅದೇ ಕೌದಿಯನ್ನು ಪಡಸಾಲೆಯಲ್ಲಿ ಹಾಸಿಕೊಂಡು ಆಡುತ್ತಾನೆ.

ಅವ್ವ ನಿಡೋಣಿ, ತಿಕೋಟಾ ಎಂದು ಬೀಗರಲ್ಲಿ ಎಲ್ಲಿ ಕೂಸು ನೋಡಲು ಹೋದರೂ ಮೊದಲು ತೊಟ್ಟಿಲಿನ ದಿಂಬು, ಹೊದಿಕೆ ತೆಗೆಸುತ್ತಾಳೆ. ಯಾರು ಹೇಳಿದ್ದು ಎಂದು ಕೇಳಿದರೆ, "ನಮ್ಮತ್ತಿ ಹೇಳ್ಯಾಳ್ರಿ," ಎನ್ನುತ್ತಾಳೆ. ಪಕ್ಕದಲ್ಲಿ ಕೂತ ನಾನು ವಾದಕ್ಕೆ ನಿಲ್ಲುವುದಿಲ್ಲ.