ಉಳುಮೆ ನಿಲ್ಲಿಸಿದ ಹೊಲ

ನಿವೃತ್ತಿಗೆ ಮುಂಚೆ ಬಹಳ ವರ್ಷ ನಾನು ಕನಕಪುರ ತಾಲ್ಲೂಕಿನಲ್ಲಿ ಮಣ್ಣು ವಿಜ್ಞಾನಿಯಾಗಿದ್ದೆ. ಕೋಡಿಹಳ್ಳಿ ಕಡೆಯ ಜಯಮ್ಮ ಮತ್ತು ಅವರ ಮೈದುನ ಶಿವಲಿಂಗು ಅಕ್ಕಪಕ್ಕದ ತಮ್ಮ ಹೊಲಗಳನ್ನು ನಮ್ಮ ಪ್ರಯೋಗಕ್ಕೆ ಕೊಟ್ಟಿದ್ದರು. ಹೊಲ ಉಳದೆ, ರಾಗಿಯ ಕೂಳೆಯನ್ನು ಅಲ್ಲೇ ಬಿಟ್ಟು, ಸಾಲು ಸೀಳಿ ಬಿತ್ತಬೇಕು. ಕೊಯ್ಲಾದ ಮೇಲೆ ಹುರುಳಿ ಚೆಲ್ಲಿ ನೆಲ ಮುಚ್ಚಬೇಕು. ಗಿಡ ಗಾಳಿಯಿಂದ ಹೀರಿದ ಇಂಗಾಲ ಬೇರು, ಕೂಳೆಗಳ ಮೂಲಕ ಮಣ್ಣು ಸೇರುತ್ತದೆ. ಉತ್ತು ಮಣ್ಣು ಒಡೆದರೆ ಸೂಕ್ಷ್ಮಜೀವಿಗಳು ಅದನ್ನು ಬೇಗ ಅರಗಿಸಿ ಮತ್ತೆ ಗಾಳಿಗೆ ಬಿಡುತ್ತವೆ. ಸೇರಿದ್ದರಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಮೊದಲ ಕೆಲವು ವರ್ಷ ಲ್ಯಾಬ್ ರಿಪೋರ್ಟಿನಲ್ಲಿ ಏನೂ ಕಾಣಲಿಲ್ಲ. ಪ್ರತಿ ಸಲವೂ ಆತಂಕದಿಂದಲೇ ಲಕೋಟೆ ಒಡೆಯುತ್ತಿದ್ದೆ. ಕೊನೆಗೆ ಮೇಲ್ಪದರದಲ್ಲಿ ಸಾವಯವ ಇಂಗಾಲ ಏರಿತು. ಕೆಳಪದರದಲ್ಲಿ ಮಾತ್ರ ಮೊದಲಿನಷ್ಟೇ. ಕೂಡಿದ್ದೆಲ್ಲ ನೇಗಿಲಿಗೆ ಎಟಕುವ ಆಳದಲ್ಲೇ ಇತ್ತು. ನನ್ನ ಕಳವಳ ಇನ್ನೂ ಹೆಚ್ಚಾಯಿತು.

ಆ ಮುಂಗಾರಿನಲ್ಲೇ ಜಯಮ್ಮನವರ ಫೋನ್ ಬಂತು. "ಸಾರ್, ನಮ್ ಮೈದ ರೋಟವೇಟರ್ ಕರ್ಸವ್ನೆ. ಒಸಿ ಬೇಗ ಬನ್ನಿ."

ರೋಟವೇಟರ್ ಎಂದರೆ ಟ್ರಾಕ್ಟರಿಗೆ ಕಟ್ಟಿ ಮಣ್ಣನ್ನು ಪುಡಿಪುಡಿ ಮಾಡುವ ಯಂತ್ರ. ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಮೋಡ ನೋಡುತ್ತಿದ್ದೆ. ಜೋರು ಮಳೆ ಬಂದರೆ ಟ್ರಾಕ್ಟರ್ ಇಳಿಯುವುದಿಲ್ಲ. ಮಳೆ ಬರಲಿಲ್ಲ. ನಾನು ತಲುಪಿದಾಗ ಟ್ರಾಕ್ಟರ್ ಬದುವಿನ ಪಕ್ಕ ಗುಡುಗುಡು ಎನ್ನುತ್ತಿತ್ತು.

"ಇನ್ನೊಂದೆರಡು ವರ್ಷ ತಡ್ಕೊಳ್ಳಿ ಶಿವಲಿಂಗು," ಎಂದೆ.

"ಗರಿಕೆ ನೋಡಿ ಸಾರ್. ಕೀಳಕ್ಕೆ ಆಳು ಸಿಕ್ತಿಲ್ಲ. ಔಷ್ದಿ ಹೊಡಿಬ್ಯಾಡಿ ಅಂತೀರಿ, ಉಳಬ್ಯಾಡಿ ಅಂತೀರಿ. ನಾನೇನ್ ಮಾಡ್ಲಿ, ನೀವೇ ಹೇಳ್ಬುಡಿ."

ಜಯಮ್ಮ ಬದುವಿನ ಮೇಲೆ ನಿಂತು, "ನನ್ ಪಾಲಿಗೆ ಗಾಲಿ ಇಳಿಸ್ಬ್ಯಾಡ ಕಣಪ್ಪ" ಎಂದರು. "ಇಲ್ಲ ಕಣತ್ಗೆ" ಎಂದ ಶಿವಲಿಂಗು ತನ್ನ ಹೊಲಕ್ಕೆ ಟ್ರಾಕ್ಟರ್ ಇಳಿಸಿದ. ನಿಂತಲ್ಲಿ ನಿಲ್ಲಲಾರದೆ ನಾನು ಎರಡೂ ಹೊಲ ಸುತ್ತಿದೆ. ಜಯಮ್ಮನ ಹೊಲದಲ್ಲಿ ಒಣಗಿದ ಹುರುಳಿ ಬಳ್ಳಿ ನೆಲ ಮುಚ್ಚಿತ್ತು, ಗರಿಕೆ ಕಡಿಮೆ. ಶಿವಲಿಂಗುವಿನದರಲ್ಲಿ ಹುರುಳಿ ಇರಲೇ ಇಲ್ಲ. ಕೇಳಿದರೆ, "ಹಸಕ್ಕೆ ಮೇವಿಲ್ಲ ಸಾರ್. ಕಿತ್ತು ಅವ್ಕೇ ಹಾಕ್ಬುಟ್ಟೆ" ಎಂದ.

ಅವನು ಮುಂದಿನ ವರ್ಷಗಳಲ್ಲೂ ಉಳುತ್ತಲೇ ಇದ್ದ. ಅವನ ಹೊಲದ ಇಂಗಾಲ ವರ್ಷದಿಂದ ವರ್ಷಕ್ಕೆ ಇಳಿಯಿತು, ಜಯಮ್ಮನದು ಉಳಿಯಿತು. ಆಮೇಲೆ ನಾವು ಅವನ ಬದುಗಳಲ್ಲಿ ಮೇವಿನ ಹುಲ್ಲು ನೆಡಿಸಿದೆವು. ಹಸುಗಳಿಗೆ ಅದು ಸಾಕಾದ ವರ್ಷ ಹುರುಳಿ ಹೊಲದಲ್ಲೇ ಉಳಿಯಿತು. ಗರಿಕೆ ತಗ್ಗಿತು, ರೋಟವೇಟರ್ ಬರಲಿಲ್ಲ.

ಮಣ್ಣಿಗೆ ಸೇರಿದ ಇಂಗಾಲವನ್ನು ಶಾಶ್ವತ ಎಂದು ಬರೆಯುವುದನ್ನು ನಾನು ಬಿಟ್ಟೆ. ರೈತ ತನ್ನ ಪದ್ಧತಿಯನ್ನು ನಡೆಸಿಕೊಂಡು ಹೋಗಲು ಸಾಧ್ಯವಿರುವವರೆಗೆ ಮಾತ್ರ ಅದು ಅಲ್ಲಿರುತ್ತದೆ. ಹೊಸ ಊರಿಗೆ ಮಣ್ಣಿನ ಸ್ಯಾಂಪಲ್ ತೆಗೆಯಲು ಹೋದಾಗಲೆಲ್ಲ ಮೊದಲು ಕೇಳುತ್ತಿದ್ದುದು, ಬೇಸಿಗೆಯಲ್ಲಿ ದನಗಳಿಗೆ ಏನು ಹಾಕುತ್ತೀರಿ ಎಂದು.